ರೇರಾ ನವೀಕರಣದ ಹೆಸರಿನಲ್ಲಿ ಬರುವ ಮೋಸದ ಕರೆ

‘ಸರ್, ರೇರಾ ಆಫೀಸಿಂದ ಮಾತಾಡ್ತಿರೋದು. ನಿಮ್ಮ ಏಜೆಂಟ್ ರಿಜಿಸ್ಟ್ರೇಷನ್ ಮುಗೀತಾ ಇದೆ. ಸಂಜೆಯೊಳಗೆ ಫೀಸು ಕಟ್ಟದಿದ್ರೆ ಕ್ಯಾನ್ಸಲ್ ಆಗುತ್ತೆ.’

ಇಂಥ ಕರೆ ಮಾಡುವವನು ನಿಮ್ಮ ಹೆಸರು, ನೋಂದಣಿ ಸಂಖ್ಯೆಯನ್ನು ತಪ್ಪಿಲ್ಲದೆ ಹೇಳುತ್ತಾನೆ. ನಂಬಿಕೆ ಹುಟ್ಟುವುದೇ ಅಲ್ಲಿ. ಆದರೆ ಆ ಮಾಹಿತಿ ಗುಟ್ಟಿನದೇನಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ನೋಂದಾಯಿತ ಏಜೆಂಟರ ಹೆಸರು ಮತ್ತು ಫೋಟೊವನ್ನು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ (ರೇರಾ) ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು. ಸೈಟು, ಫ್ಲಾಟು ಕೊಳ್ಳುವವರ ರಕ್ಷಣೆಗೆಂದು ಮಾಡಿದ ಈ ಒಳ್ಳೆಯ ಏರ್ಪಾಡು ವಂಚಕನಿಗೂ ಸಿದ್ಧ ಪಟ್ಟಿಯಾಗಿ ಒದಗುತ್ತದೆ. ನಿಮ್ಮ ವಿವರ ಗೊತ್ತಿದ್ದ ಮಾತ್ರಕ್ಕೆ ಅವನು ಅಧಿಕಾರಿಯಲ್ಲ.

ಹೆದರಿಕೆಗೂ ಕಾರಣವಿದೆ. ಕರ್ನಾಟಕದಲ್ಲಿ ಏಜೆಂಟರ ನೋಂದಣಿ 5 ವರ್ಷದ್ದು. 2022ರಲ್ಲಿ ಮಾಡಿಸಿದವರ ಅವಧಿ 2027ಕ್ಕೆ ಮುಗಿಯುತ್ತದೆ. ನೋಂದಣಿಯಿಲ್ಲದೆ ವ್ಯವಹಾರ ಕುದುರಿಸಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ 5ರವರೆಗೆ ದಂಡ ಬೀಳಬಹುದು. ಒಂದು ಫ್ಲಾಟಿನ ಕಮಿಷನ್ನಿಗಾಗಿ ತಿಂಗಳುಗಟ್ಟಲೆ ಓಡಾಡುವವರಿಗೆ ಇದು ಸಣ್ಣ ಮಾತಲ್ಲ.

ಅದಕ್ಕೇ ಕಾನೂನಿನ ಒಂದು ಅಂಶವನ್ನು ಪ್ರತಿಯೊಬ್ಬ ಏಜೆಂಟರೂ ತಿಳಿದಿರಬೇಕು. ಅವಧಿ ಮುಗಿಯುವುದು ಬೇರೆ, ರದ್ದಾಗುವುದು ಬೇರೆ. ಅವಧಿ ಎಂದು ಮುಗಿಯುತ್ತದೆ ಎಂಬುದು ನಿಮ್ಮ ಪ್ರಮಾಣಪತ್ರದಲ್ಲೇ ಇರುತ್ತದೆ. ಯಾರೋ ಫೋನಿನಲ್ಲಿ ಹೇಳಿದರೆ ಆ ದಿನ ಹಿಂದೆ ಮುಂದೆ ಆಗುವುದಿಲ್ಲ. ಇನ್ನು ರದ್ದು ಅಥವಾ ಅಮಾನತು ಮಾಡಬೇಕಾದರೆ 9ನೇ ಸೆಕ್ಷನ್ ಪ್ರಕಾರ ಮೊದಲು ಏಜೆಂಟರ ಅಹವಾಲು ಕೇಳಲೇಬೇಕು. ‘ಇನ್ನೆರಡು ಗಂಟೆಯಲ್ಲಿ ಕ್ಯಾನ್ಸಲ್’ ಎಂದವನು ಸುಳ್ಳು ಹೇಳುತ್ತಿದ್ದಾನೆ ಎಂದು ಅಲ್ಲೇ ಫೋನು ಇಟ್ಟುಬಿಡಬಹುದು.

ಆ ಬಹಿರಂಗ ಪಟ್ಟಿಗಿಂತ ದೊಡ್ಡ ತೂತು ನಮ್ಮ ಕಡೆಯೇ ಇದೆ. ಎಷ್ಟೋ ಏಜೆಂಟರು ನೋಂದಣಿಯ ಕೆಲಸವನ್ನು ಆಡಿಟರಿಗೋ ಕನ್ಸಲ್ಟೆಂಟಿಗೋ ಒಪ್ಪಿಸಿ ಸುಮ್ಮನಾಗುತ್ತಾರೆ. ಪೋರ್ಟಲಿನಲ್ಲಿ ಆ ಕನ್ಸಲ್ಟೆಂಟರದೇ ಇಮೇಲ್, ಅವರದೇ ಮೊಬೈಲು; ಪಾಸ್‌ವರ್ಡೂ ಅವರ ಬಳಿ. ಹೀಗಾದಾಗ ಪ್ರಾಧಿಕಾರದ ನಿಜವಾದ ಸಂದೇಶ ಏಜೆಂಟರ ಕಣ್ಣಿಗೇ ಬೀಳುವುದಿಲ್ಲ. ಮೋಸದ ಕರೆ ಬಂದಾಗ ಹೋಲಿಸಿ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ. ಕೆಲಸ ಬೇರೆಯವರಿಂದ ಮಾಡಿಸಿ, ತಪ್ಪಿಲ್ಲ. ಆದರೆ ಇಮೇಲ್, ಮೊಬೈಲ್ ನಂಬರು, ಪಾಸ್‌ವರ್ಡ್ ಮೂರೂ ನಿಮ್ಮವೇ ಆಗಿರಲಿ. ಇದರಲ್ಲಿ ರಾಜಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಲಿಂಕ್ ಬಂದರೆ ಅದನ್ನು ಓದುವ ಕ್ರಮವೊಂದಿದೆ. ಕರ್ನಾಟಕ ರೇರಾ ವಿಳಾಸ ‘ರೇರಾ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’. ಎರಡು ಓರೆಗೆರೆಗಳ ನಂತರ ವಿಳಾಸ ಶುರುವಾಗಿ, ಮುಂದಿನ ಒಂಟಿ ಓರೆಗೆರೆಗೆ ಮುಗಿಯುತ್ತದೆ. ಆ ಒಂಟಿ ಗೆರೆಗೆ ಅಂಟಿಕೊಂಡು ಹಿಂದೆ ಏನಿದೆ ನೋಡಿ. ಅಲ್ಲಿ ‘ಜಿಒವಿ ಡಾಟ್ ಇನ್’ ಇರಬೇಕು. ಅದಾದ ಮೇಲೆ ಇನ್ನೊಂದು ಚುಕ್ಕೆ ಬಂದು ‘ಡಾಟ್ ಕಾಮ್’ ಎಂದು ಮುಗಿದರೆ, ಅಥವಾ ‘ಜಿಒವಿ’ಯ ಹಿಂದಿನ ಇಲ್ಲವೇ ಮುಂದಿನ ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಇದ್ದರೆ ಅದು ಸರ್ಕಾರದ್ದಲ್ಲ. ಎಲ್ಲಕ್ಕಿಂತ ಒಳ್ಳೆಯದೆಂದರೆ ಬಂದ ಲಿಂಕನ್ನು ಮುಟ್ಟದೆ, ವಿಳಾಸವನ್ನು ನೀವೇ ಟೈಪ್ ಮಾಡಿ ಲಾಗಿನ್ ಆಗುವುದು. ಶುಲ್ಕ ಕಟ್ಟಬೇಕಾದದ್ದೂ ಅಲ್ಲೇ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ದುಡ್ಡು ಹಾಕಬೇಡಿ. ಯುಪಿಐ ಪಿನ್ ಒತ್ತುವ ಮುನ್ನ ತೆರೆಯ ಮೇಲೆ ಕಾಣುವುದು ಯಾರೋ ವ್ಯಕ್ತಿಯ ಹೆಸರಾದರೆ ಅಲ್ಲಿಗೇ ನಿಲ್ಲಿಸಿ. ನವೀಕರಣದ ಫಾರಂ ಎಂದು ಎಪಿಕೆ ಫೈಲ್ ಕಳಿಸಿದರೆ ತೆರೆಯಲೇಬೇಡಿ. ಅದನ್ನು ಇನ್‌ಸ್ಟಾಲ್ ಮಾಡಿದರೆ ನಿಮ್ಮ ಬ್ಯಾಂಕಿನ ಒಟಿಪಿ ಓದುವ ದಾರಿಯನ್ನು ನೀವೇ ತೆರೆದಂತೆ.

ದುಡ್ಡು ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ವಹಿವಾಟಿನ ಯುಟಿಆರ್ ಸಂಖ್ಯೆ, ಹಣ ಹೋದ ಯುಪಿಐ ಐಡಿ, ಕರೆ ಬಂದ ನಂಬರು ಸಿದ್ಧವಾಗಿರಲಿ; ಚಾಟ್ ಅಳಿಸಬೇಡಿ. ಹಣ ಮತ್ತೊಂದು ಖಾತೆಗೆ ಜಿಗಿಯುವ ಮೊದಲು ದೂರು ತಲುಪಿದರೆ ಬ್ಯಾಂಕುಗಳು ಅದನ್ನು ತಡೆಹಿಡಿಯಬಹುದು. ಹಾಗೆಯೇ ನಿಮಗೆ ಬಂದ ಮೋಸದ ಸಂದೇಶದ ಸ್ಕ್ರೀನ್‌ಶಾಟನ್ನು ನಿಮ್ಮ ಏರಿಯಾದ ಏಜೆಂಟರ ಗ್ರೂಪಿಗೂ ಹಾಕಿ. ಅದೇ ಪಟ್ಟಿಯಲ್ಲಿ ಅವರ ಹೆಸರೂ ಇದೆ.