ಹಿಂದಿನ ಸೀಟು ಮೆತ್ತಗಿದ್ದರೆ ಸಾಕೇ?

ನನ್ನ ನಾನಿಯ ಮನೆ ಹಾವೇರಿಯಲ್ಲಿದೆ. ಹುಬ್ಬಳ್ಳಿಯಿಂದ 70 ಕಿಲೋಮೀಟರಿಗೂ ಹೆಚ್ಚು ದೂರ. ಅಬ್ಬಾ ತಿಂಗಳಿಗೊಮ್ಮೆ ಅಮ್ಮಿಯನ್ನು ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಕಳೆದ ವರ್ಷ ಅಮ್ಮಿ ಹೋಗುವುದನ್ನೇ ನಿಲ್ಲಿಸಿದರು. "ಸೊಂಟ ಹಿಡಿದುಕೊಳ್ಳುತ್ತದೆ, ನೀವೇ ಹೋಗಿ ಬನ್ನಿ" ಎನ್ನುತ್ತಿದ್ದರು. ಅತ್ತ ನಾನಿ ಮಗಳ ದಾರಿ ಕಾಯುತ್ತಿದ್ದರು.

ಸೀಟು ಮೆತ್ತಗಾದರೆ ನೋವು ಹೋಗುತ್ತದೆ ಎಂದುಕೊಂಡು ನಾನೇ ಅದರ ಮೇಲೆ ಸ್ಪಂಜ್ ಹಾಕಿದೆ. ನೋವು ಇನ್ನೂ ಹೆಚ್ಚಾಯಿತು! ಸೀಟು ಹೊಲಿಯುವ ಉಸ್ತಾದರು ಕಾರಣ ತಿಳಿಸಿದರು. ಕುಳಿತಾಗ ನಮ್ಮ ಭಾರದ ಹೆಚ್ಚಿನ ಪಾಲು ಪೃಷ್ಠದ ಎರಡು ಮೂಳೆಗಳ ಮೇಲೆ ಬೀಳುತ್ತದೆ. ತೀರಾ ಮೆತ್ತನೆಯ ಸ್ಪಂಜ್ ಸ್ವಲ್ಪ ಹೊತ್ತಿಗೇ ಅಮುಕಿಹೋಗಿ, ಮೂಳೆ ಕೆಳಗಿನ ಗಟ್ಟಿ ತಳಕ್ಕೆ ತಾಗುತ್ತದೆ. ಆದ್ದರಿಂದ ಕೆಳಗೆ ಗಟ್ಟಿ ಫೋಮ್, ಮೇಲೆ ತೆಳುವಾದ ಮೆತ್ತನೆಯ ಪದರ ಇರಬೇಕು.

ಇನ್ನೊಂದು ದೋಷ ಇಳಿಜಾರು. ನಮ್ಮ ಸೀಟು ಮುಂದಕ್ಕೆ ವಾಲಿತ್ತು. ಬ್ರೇಕ್ ಹಾಕಿದಾಗಲೆಲ್ಲ ಅಮ್ಮಿ ಜಾರಿ, ಮತ್ತೆ ಹಿಂದೆ ಸರಿಯಬೇಕಿತ್ತು. ಉಸ್ತಾದರು ಫೋಮ್ ಕತ್ತರಿಸಿ ಸೀಟನ್ನು ಸಮತಟ್ಟು ಮಾಡಿ, ಜಾರದ ರೆಕ್ಸಿನ್ ಹೊದಿಸಿದರು. ಒಟ್ಟು ಖರ್ಚು 700 ರೂಪಾಯಿ. ಬಹುಕಾಲ ಪ್ರಯೋಜನ ಕೊಡುವ ಖರ್ಚನ್ನು ಬಂಡವಾಳ ವೆಚ್ಚ ಎಂದು ನಾವು ತರಗತಿಯಲ್ಲಿ ಓದಿದ್ದೇವಲ್ಲ, ಇದೂ ಹಾಗೆಯೇ!

ಸೀಟಿನ ಜೊತೆ ಇವನ್ನೂ ಗಮನಿಸಿ:

1. ಇಬ್ಬರು ಹೋಗುವಾಗ ಹಿಂದಿನ ಟೈರಿನ ಗಾಳಿ ಮತ್ತು ಶಾಕ್ ಅಬ್ಸಾರ್ಬರಿನ ಬಿಗಿಯನ್ನು ಬೈಕಿನ ಕೈಪಿಡಿಯಲ್ಲಿ ಹೇಳಿದಂತೆ ಹೊಂದಿಸಿಕೊಳ್ಳಿ.

2. ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತರೆ ಬೆನ್ನು ತಿರುಚಿಕೊಳ್ಳುತ್ತದೆ. ಎರಡೂ ಕಡೆ ಕಾಲು ಹಾಕಿ, ಪಾದಗಳನ್ನು ಫುಟ್‌ರೆಸ್ಟ್ ಮೇಲೆ ಇಟ್ಟು ಕೂರುವುದು ಒಳ್ಳೆಯದು.

3. ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಗದಂತೆ ತಡೆಯುವ ಗಾರ್ಡ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅಂದಕ್ಕಾಗಿ ಗಾರ್ಡ್ ಬಿಚ್ಚಿಸಬೇಡಿ. ದುಪಟ್ಟಾ, ಸೆರಗು, ಬುರ್ಖಾದ ಅಂಚನ್ನು ಒಳಗೆ ಸಿಕ್ಕಿಸಿಕೊಳ್ಳಲಿ. ಹೆಲ್ಮೆಟ್ ಇಬ್ಬರಿಗೂ ಕಡ್ಡಾಯ.

4. ಗಂಟೆಗೊಮ್ಮೆ ಬೈಕ್ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ.

ನಾನು ಮಾಡಿದ ದೊಡ್ಡ ತಪ್ಪು, ಎಲ್ಲಿ ನೋಯುತ್ತದೆ ಎಂದು ಮೊದಲೇ ಅಮ್ಮಿಯನ್ನು ಕೇಳದೇ ಇದ್ದದ್ದು. ಬೈಕ್ ಕೊಳ್ಳುವಾಗ ನಾವು ಮುಂದಿನ ಸೀಟಿನಲ್ಲೇ ಕುಳಿತು ನೋಡುತ್ತೇವೆ. ಒಮ್ಮೆ ಹಿಂದೆಯೂ ಕುಳಿತು ನೋಡಿ, ಗೆಳೆಯರೇ.

ಈ ಸಲದ ಈದ್‌ಗೆ ಅಮ್ಮಿ ಹಾವೇರಿಗೆ ಬೈಕಿನಲ್ಲೇ ಹೋಗಿಬಂದರು.