ಕಣ್ಣಂಚಿನ ನೆರಿಗೆಗೆ ನಂಜಿನ ಮದ್ದು

1895ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಎಲೆಝೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದಿದ್ದ ಕಲಾವಿದರು ಉಪ್ಪು ಹಾಕಿಟ್ಟ ಹಂದಿಮಾಂಸ ಉಂಡರು. ಬಳಿಕ ಹಲವರಿಗೆ ವಸ್ತುಗಳು ಎರಡೆರಡಾಗಿ ಕಾಣತೊಡಗಿದವು, ರೆಪ್ಪೆಗಳು ಜೋತುಬಿದ್ದವು. ಮೂವರು ತೀರಿಕೊಂಡರು. ಆ ಮಾಂಸವನ್ನು ಪರೀಕ್ಷಿಸಿದ ವಿಜ್ಞಾನಿ ಎಮಿಲ್ ವ್ಯಾನ್ ಎರ್ಮೆಂಗೆಮ್ ಅದರಲ್ಲಿ ನಂಜು ಸ್ರವಿಸುವ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದರು. ಇಂದು ಬೆಂಗಳೂರಿನ ಬಡಾವಣೆಗಳಲ್ಲಿ ‘ಬೊಟಾಕ್ಸ್’ ಫಲಕದಡಿ ಕಣ್ಣಂಚಿಗೆ ಚುಚ್ಚುವುದು ಆ ಬಗೆಯ ನಂಜನ್ನೇ, ಅತ್ಯಲ್ಪ ಪ್ರಮಾಣದಲ್ಲಿ.

ಇದು ನೆನಪಾದದ್ದು ಪರಿಚಯದ ಅಧ್ಯಾಪಕಿಯೊಬ್ಬರಿಂದ. ಐವತ್ತರ ಆಸುಪಾಸಿನ ಅವರು ಮಗಳ ಮದುವೆಗೆ ಮೂರು ವಾರ ಇರುವಾಗ ಕೇಳಿದರು: ‘ಫೋಟೊಗಳಲ್ಲಿ ಈ ಗೆರೆ ಕಾಣಬಾರದು. ಪಾರ್ಲರ್‌ನವರು ಅರ್ಧ ಬೆಲೆಗೆ ಮಾಡಿಕೊಡುತ್ತಾರಂತೆ, ಹೋಗಲೆ?’ ಇದನ್ನು ಹೆಂಗಸರ ಹುಚ್ಚು ಎಂದು ನಕ್ಕುಬಿಡುವುದು ಸುಲಭ. ಕೂದಲಿಗೆ ಬಣ್ಣ ಹಚ್ಚುವ ನಮ್ಮಂಥ ಗಂಡಸರಿಗೆ ಆ ನಗೆ ಶೋಭಿಸದು.

ಕಣ್ಣಿನ ಸುತ್ತ ಬಳೆಯಂತೆ ಒಂದು ಸ್ನಾಯು ಇದೆ. ನಕ್ಕಾಗ, ಬಿಸಿಲಿಗೆ ಕಣ್ಣು ಕಿರಿದಾಗಿಸಿದಾಗ ಅದು ಸಂಕುಚಿಸಿ ಚರ್ಮವನ್ನು ಮಡಿಸುತ್ತದೆ. ಅಲ್ಲಿನ ಚರ್ಮವೋ ಬಲು ತೆಳು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದರಷ್ಟೇ ಸ್ನಾಯು ಸೆಟೆಯುವುದು. ಬೊಟಾಕ್ಸ್ ಆ ಬಾಗಿಲನ್ನು ಮುಚ್ಚುತ್ತದೆ. ಕೆಲವು ದಿನಗಳಲ್ಲಿ ಪರಿಣಾಮ ಕಾಣಿಸಿ, ಮೂರು-ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ನಿಲ್ಲಿಸಿದರೆ ಸುಕ್ಕು ಇಮ್ಮಡಿಯಾಗುತ್ತದೆ ಎಂಬ ಭಯ ನಿರಾಧಾರ. ಮುಖ ಮೊದಲಿನ ಸ್ಥಿತಿಗೆ ಮರಳುತ್ತದೆ, ಅಷ್ಟೆ. ಆದರೆ ಉಳಿಸಿಕೊಳ್ಳಬೇಕೆಂದರೆ ವರ್ಷಕ್ಕೆ ಮೂರು ಬಾರಿ ಸೂಜಿ, ಮೂರು ಬಾರಿ ಬಿಲ್ಲು.

ಈ ನಂಜನ್ನು ಮದ್ದಾಗಿಸಿದವರು ಸೌಂದರ್ಯತಜ್ಞರಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ನೇತ್ರವೈದ್ಯ ಅಲನ್ ಸ್ಕಾಟ್ ಅದನ್ನು ಬಳಸಿದ್ದು ಮೆಳ್ಳೆಗಣ್ಣು ಸರಿಪಡಿಸಲು. ಕೆನಡಾದ ವ್ಯಾಂಕೂವರ್‌ನಲ್ಲಿ ನೇತ್ರತಜ್ಞೆ ಜೀನ್ ಕರುಥರ್ಸ್ ಅವರು ರೆಪ್ಪೆಯ ಸೆಳೆತಕ್ಕೆ ಚುಚ್ಚುಮದ್ದು ಕೊಡುತ್ತಿದ್ದಾಗ, ಹುಬ್ಬಿನ ನಡುವಿನ ಗೆರೆ ಮಾಯವಾದುದನ್ನು ರೋಗಿಯೊಬ್ಬರೇ ಅವರ ಗಮನಕ್ಕೆ ತಂದರು. ಅವರ ಪತಿ ಅಲಸ್ಟೇರ್ ಚರ್ಮರೋಗ ತಜ್ಞ. ದಂಪತಿಯ ಪ್ರಬಂಧ 1992ರಲ್ಲಿ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹುಬ್ಬಿನ ಗೆರೆಗೆ 2002ರಲ್ಲಿ, ಕಣ್ಣಂಚಿನ ಗೆರೆಗೆ 2013ರಲ್ಲಿ ಒಪ್ಪಿಗೆ ಕೊಟ್ಟಿತು.

ಕನ್ನಡಿಯ ಮುಂದೆ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ನಕ್ಕಾಗ ಮೂಡಿ, ನಗು ನಿಂತಾಗ ಅಳಿಯುವ ಗೆರೆಗೆ ಬೊಟಾಕ್ಸ್ ಚೆನ್ನಾಗಿ ನಾಟುತ್ತದೆ. ಸುಮ್ಮನಿದ್ದಾಗಲೂ ಉಳಿಯುವ ಗೆರೆಗೆ ಅದೊಂದೇ ಸಾಲದು. ಲೇಸರ್, ರಾಸಾಯನಿಕ ಲೇಪ, ಟ್ರೆಟಿನಾಯಿನ್ ಮುಲಾಮು ಮೊದಲಾದವು ಬರುವುದು ಇಲ್ಲಿ. ನಮ್ಮ ಗೋಧಿವರ್ಣದ, ಕಂದುವರ್ಣದ ಚರ್ಮ ಲೇಸರ್‌ನ ಅಥವಾ ಲೇಪದ ತೀಕ್ಷ್ಣತೆ ಹೆಚ್ಚಾದರೆ ಕಪ್ಪು ಕಲೆಗಟ್ಟುತ್ತದೆ. ಸುಕ್ಕು ಕಳೆಯಲು ಹೋಗಿ ತಿಂಗಳುಗಟ್ಟಲೆ ಕಲೆ ಹೊತ್ತು ತಿರುಗುವ ಪಾಡು. ಇನ್ನು ಕಣ್ಣಡಿಯ ಗುಳಿ ತುಂಬಿಸುವ ‘ಫಿಲ್ಲರ್’ ಬೇರೆಯೇ ವಸ್ತು. ಅದು ತಪ್ಪಿ ರಕ್ತನಾಳಕ್ಕೆ ಸೇರಿದರೆ ದೃಷ್ಟಿಯೇ ಹೋಗಬಹುದು. ಅಪರೂಪ ನಿಜ, ಆದರೆ ಹೋದ ಕಣ್ಣು ಸಾಮಾನ್ಯವಾಗಿ ಮರಳುವುದಿಲ್ಲ.

ಹಾಗಾಗಿಯೇ ಅರ್ಧ ಬೆಲೆಯ ಮಾತು ನನ್ನನ್ನು ಬೆಚ್ಚಿಸಿತು. ಬೊಟಾಕ್ಸ್ ಬರುವುದು ಪುಡಿಯಾಗಿ. ಲವಣಜಲದಲ್ಲಿ ಕರಗಿಸಿ ಕೊಡಬೇಕು. ಎಷ್ಟು ನೀರು ಬೆರೆಸಿದರೆಂದು ಕುರ್ಚಿಯಲ್ಲಿ ಒರಗಿದವರಿಗೆ ತಿಳಿಯದು. ಕಣ್ಣಂಚಿಗೆ ಅಮೆರಿಕದಲ್ಲಿ ಒಪ್ಪಿತವಾದ ಪ್ರಮಾಣ ಎರಡೂ ಬದಿ ಸೇರಿ 24 ಯೂನಿಟ್. ಎಷ್ಟು ಯೂನಿಟ್ ಕೊಡುತ್ತೀರಿ, ಸೀಸೆ ಯಾವುದು, ಬ್ಯಾಚ್ ಸಂಖ್ಯೆ ಏನು, ಚುಚ್ಚುವವರ ವೈದ್ಯಕೀಯ ನೋಂದಣಿ ಎಲ್ಲಿ ಎಂದು ಕೇಳುವ ಹಕ್ಕು ದುಡ್ಡು ತೆರುವವರಿಗೆ ಇದೆ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುವ ನಾವು ಇಲ್ಲಿ ಏಕೋ ಸಂಕೋಚಪಡುತ್ತೇವೆ. ಗರ್ಭಿಣಿಯರಿಗೆ, ಮಯಸ್ಥೇನಿಯಾದಂತಹ ಸ್ನಾಯುದೌರ್ಬಲ್ಯ ಇರುವವರಿಗೆ ಇದು ಸಲ್ಲದು. ಪಾರ್ಲರ್‌ನಲ್ಲಿ ಆ ಪ್ರಶ್ನೆ ಕೇಳುವವರಾದರೂ ಯಾರು?

ಎಲ್ಲಕ್ಕಿಂತ ಅಗ್ಗದ ಉಪಾಯ ಬಿಸಿಲಿನಿಂದ ಕಾಪಾಡಿಕೊಳ್ಳುವುದು. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದ ಅಮೆರಿಕದ ಚಾಲಕರೊಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಮಾತ್ರ ಉತ್ತ ಹೊಲದಂತೆ ಸುಕ್ಕುಗಟ್ಟಿತ್ತು. ಅತಿನೇರಳೆ ‘ಎ’ ಕಿರಣಗಳಿಗೆ ಗಾಜು ಪೂರ್ತಿ ತಡೆಯಲ್ಲ. ನಮ್ಮ ಚಾಲಕರು ಕಾಯ್ದುಕೊಳ್ಳಬೇಕಾದದ್ದು ಬಲಗೆನ್ನೆಯನ್ನು.

ಅಧ್ಯಾಪಕಿ ಕೊನೆಗೆ ಪಾರ್ಲರ್ ಬಿಟ್ಟು ಚರ್ಮರೋಗ ತಜ್ಞೆಯೊಬ್ಬರ ಬಳಿ ಹೋದರು. ಬೊಟಾಕ್ಸ್ ಬೇಕಿದ್ದರೆ ಕೊಡುವೆ, ಮದುವೆಯೊಳಗೆ ಪರಿಣಾಮವೂ ಕಾಣುತ್ತದೆ, ನಗುವಾಗ ಕಣ್ಣು ಮಾತ್ರ ಸ್ವಲ್ಪ ಸುಮ್ಮನಿರುತ್ತದೆ ಎಂದರಂತೆ ಆಕೆ. ಇವರು ಯೋಚಿಸಿ ಹೇಳುವೆನೆಂದರು. ಚೀಟಿಯಲ್ಲಿ ಬರೆದದ್ದು ಸನ್‌ಸ್ಕ್ರೀನು, ರಾತ್ರಿಗೊಂದು ಮುಲಾಮು. ಮೂರನೆಯ ಸಾಲಿನಲ್ಲಿ ಕನ್ನಡಕದ ನಂಬರು ಪರೀಕ್ಷಿಸಿಕೊಳ್ಳಿ ಎಂದು. ಆರು ವರ್ಷದ ಹಳೆಯ ಕನ್ನಡಕದಲ್ಲಿ ಉತ್ತರಪತ್ರಿಕೆಗಳನ್ನು ಕಣ್ಣು ಕಿರಿದಾಗಿಸಿ ಓದುತ್ತಿದ್ದರು ಅವರು.