‘ಆಗುವುದಿಲ್ಲ’ ಎನ್ನಬಲ್ಲ ಕೋಡ್

ರೈಲಿನ ಇ-ಟಿಕೆಟ್ಟನ್ನೇ ತೆಗೆದುಕೊಳ್ಳಿ. ವೇಟಿಂಗ್ ಲಿಸ್ಟಿನಲ್ಲಿರುವ ಟಿಕೆಟ್ ಆರ್‌ಎಸಿ ಆಗಬಹುದು, ಆರ್‌ಎಸಿ ಕನ್ಫರ್ಮ್ ಆಗಬಹುದು, ಮೂರನ್ನೂ ರದ್ದು ಮಾಡಿಸಬಹುದು. ರದ್ದಾದದ್ದು ಮಾತ್ರ ಮತ್ತೆ ಕನ್ಫರ್ಮ್ ಆಗುವಂತಿಲ್ಲ. ಇದರಲ್ಲೊಂದು ಸೂಕ್ಷ್ಮವೂ ಇದೆ. ಚಾರ್ಟ್ ತಯಾರಾಗುವುದು ಒಂದೇ ಘಟನೆ. ಆದರೆ ಪೂರ್ತಿ ವೇಟಿಂಗ್ ಲಿಸ್ಟಿನಲ್ಲೇ ಉಳಿದ ಇ-ಟಿಕೆಟ್ ಆಗ ತಾನಾಗಿ ರದ್ದಾಗಿ ಹಣ ವಾಪಸಾಗುತ್ತದೆ. ಆರ್‌ಎಸಿ ಟಿಕೆಟ್ ಹಿಡಿದವರು ಅರ್ಧ ಸೀಟಿನಲ್ಲಾದರೂ ಕೂತು ಹೊರಡಬಹುದು. ಮೊದಲೇ ರದ್ದಾಗಿದ್ದ ಟಿಕೆಟ್ಟಿಗೆ ಆ ಚಾರ್ಟಿನಿಂದ ಏನೂ ಆಗಬೇಕಿಲ್ಲ. ಒಂದು ವಸ್ತು ಯಾವ್ಯಾವ ಸ್ಥಿತಿಯಲ್ಲಿ ಇರಬಹುದು, ಯಾವ ಘಟನೆ ಅದನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎಂದು ಮೊದಲೇ ಬರೆದಿಟ್ಟು, ಅದರಂತೆಯೇ ನಡೆಯುವ ವ್ಯವಸ್ಥೆಯನ್ನು ಪ್ರೋಗ್ರಾಮರುಗಳು ಸ್ಟೇಟ್ ಮಷೀನ್ ಎನ್ನುತ್ತಾರೆ. ಈ ಕೆಲಸಕ್ಕೆಂದೇ ಹತ್ತಾರು ಪುಟ್ಟ ಲೈಬ್ರರಿಗಳಿವೆ. ಅವುಗಳ ಬೆಲೆ ಇರುವುದು ಅವು ಮಾಡಿಕೊಡುವ ಕೆಲಸಕ್ಕಿಂತ ಅವು ತಡೆಯುವ ಕೆಲಸದಲ್ಲಿ. ಅವನ್ನು ಸುಧಾರಿಸುವುದೆಂದರೆ ಆ ತಡೆಯನ್ನು ಗಟ್ಟಿ ಮಾಡುವುದು ಎಂಬುದು ನನ್ನ ವಾದ.

ಲೈಬ್ರರಿ ಇಲ್ಲದೆ ಇದೇ ಟಿಕೆಟ್ಟನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಹೌದು-ಅಲ್ಲ ಎನ್ನುವ ವೇರಿಯಬಲ್‌ಗಳನ್ನು ಇಟ್ಟುಕೊಳ್ಳುತ್ತಾರೆ: ಆರ್‌ಎಸಿ ಆಗಿದೆಯೇ, ಕನ್ಫರ್ಮ್ ಆಗಿದೆಯೇ, ರದ್ದಾಗಿದೆಯೇ, ಹಣ ವಾಪಸಾಗಿದೆಯೇ. ನಾಲ್ಕು ಪ್ರಶ್ನೆಗಳಿಂದ 16 ಜೋಡಣೆಗಳು ಹುಟ್ಟುತ್ತವೆ. ಅರ್ಥವಿರುವುದು ಐದಕ್ಕೆ: ವೇಟಿಂಗ್, ಆರ್‌ಎಸಿ, ಕನ್ಫರ್ಮ್, ರದ್ದು, ರದ್ದಾಗಿ ಹಣ ವಾಪಸಾದದ್ದು. ಉಳಿದ 11ರಲ್ಲಿ ಕನ್ಫರ್ಮೂ ಆಗಿ ರದ್ದೂ ಆದ ಟಿಕೆಟ್ಟಿದೆ, ರದ್ದಾಗದೆಯೇ ಹಣ ಹಿಂದಿರುಗಿಸಿದ ಟಿಕೆಟ್ಟೂ ಇದೆ. ಇಂಥವು ಬೇಕೆಂದು ಯಾರೂ ಬರೆದಿರುವುದಿಲ್ಲ; ಬೇಡವೆಂದೂ ಯಾರೂ ಬರೆದಿರುವುದಿಲ್ಲ. ಬಗ್‌ಗಳು ಬಂದು ಸೇರಿಕೊಳ್ಳುವುದು ಅಲ್ಲೇ.

ಇಂಥ ಗೊಂದಲದಿಂದ ಜೀವಗಳೇ ಹೋಗಿವೆ. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಕ್ಯಾನ್ಸರ್ ವಿಕಿರಣ ಯಂತ್ರದಿಂದ 1985ರ ಜೂನ್‌ನಿಂದ 1987ರ ಜನವರಿಯೊಳಗೆ ಆರು ಅಪಘಾತಗಳಾದವು. ಟೆಕ್ಸಾಸಿನ ಟೈಲರ್‌ನಲ್ಲಿ 1986ರಲ್ಲಿ ಆದದ್ದನ್ನು ಹತ್ತಿರದಿಂದ ನೋಡಬೇಕು. ಎಲೆಕ್ಟ್ರಾನ್ ಕಿರಣ ಕೊಡಬೇಕಿದ್ದಲ್ಲಿ ಆಪರೇಟರ್ ಅಭ್ಯಾಸಬಲದಿಂದ ಎಕ್ಸ್-ರೇ ಎಂದು ಟೈಪ್ ಮಾಡಿ, ಮರುಕ್ಷಣವೇ ಕರ್ಸರನ್ನು ಮೇಲೆ ಒಯ್ದು ತಿದ್ದಿದರು. ಆ ಹೊತ್ತಿಗೆ ಯಂತ್ರ ತನ್ನ ಅಯಸ್ಕಾಂತಗಳನ್ನು ಹೊಂದಿಸಿಕೊಳ್ಳುತ್ತಿತ್ತು. ಅದಕ್ಕೆ ಸುಮಾರು ಎಂಟು ಸೆಕೆಂಡು ಬೇಕು. ಆ ಅವಧಿಯೊಳಗೆ ಮಾಡಿದ ತಿದ್ದುಪಡಿ ಪರದೆಯ ಮೇಲೆ ಕಾಣಿಸಿತು, ಯಂತ್ರದ ಒಂದು ಭಾಗಕ್ಕೆ ತಲುಪಲೇ ಇಲ್ಲ. ಮಾಹಿತಿ ತುಂಬಿ ಮುಗಿಯಿತು ಎಂಬ ಗುರುತು ಅದಾಗಲೇ ಬಿದ್ದಿತ್ತು. ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ನಡೆದ ಅಪಘಾತದ ಕಾರಣ ಇನ್ನೂ ಬೆಚ್ಚಿಬೀಳಿಸುವಂಥದ್ದು. ಪರೀಕ್ಷೆ ಬಾಕಿ ಇದೆ ಎಂದು ಸೂಚಿಸುವ ಒಂದು ಬೈಟಿನ ವೇರಿಯಬಲ್ಲಿಗೆ ನಿಗದಿತ ಬೆಲೆ ಕೊಡುವ ಬದಲು ಪ್ರತಿ ಸುತ್ತಿನಲ್ಲೂ ಒಂದೊಂದು ಕೂಡಿಸುತ್ತಿದ್ದರು. ಒಂದು ಬೈಟಿನಲ್ಲಿ ಹಿಡಿಸುವುದು 255ರವರೆಗೆ ಮಾತ್ರ, ಹಾಗಾಗಿ ಪ್ರತಿ 256ನೇ ಸುತ್ತಿಗೆ ಅದು ಸೊನ್ನೆಯಾಗುತ್ತಿತ್ತು, ಸೊನ್ನೆ ಎಂದರೆ ಪರೀಕ್ಷೆ ಬೇಡ ಎಂದರ್ಥ. ಪುಟ್ಟ ಲೈಬ್ರರಿಯೊಂದು ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎನ್ನುವುದು ಅತಿಶಯವಾದೀತು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ಈ ಯಂತ್ರದಲ್ಲಿ ತೆಗೆದುಹಾಕಿದ್ದೂ ಅಷ್ಟೇ ದೊಡ್ಡ ಕಾರಣ. ಆದರೂ ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ ಆ ಕೋಡಿನಲ್ಲಿ ಒಂದೇ ಕಡೆ, ಒಂದೇ ಉತ್ತರ ಇರಲಿಲ್ಲ ಎಂಬುದಂತೂ ಸ್ಪಷ್ಟ.

ಉತ್ತರ ಒಂದೇ ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಎಲ್ಲರ ಜೇಬಿನಲ್ಲೂ ಇದೆ. ಫೋನು ವೆಬ್‌ಸೈಟುಗಳ ಜೊತೆ ಮಾತಾಡಲು ಬಳಸುವ ಟಿಸಿಪಿ ನಿಯಮಾವಳಿ 1981ರಲ್ಲಿ ಪ್ರಕಟವಾದಾಗ ಸಂಪರ್ಕವೊಂದಕ್ಕೆ 11 ಸ್ಥಿತಿಗಳನ್ನು ಹೆಸರಿಸಿ, ಬಾಣಗಳ ಚಿತ್ರವನ್ನೂ ಕೊಟ್ಟಿತ್ತು. ಅದನ್ನು 2022ರಲ್ಲಿ ಪರಿಷ್ಕರಿಸಿದಾಗಲೂ ಆ ಹನ್ನೊಂದು ಹಾಗೆಯೇ ಉಳಿದವು.

ಇಷ್ಟಕ್ಕೆ ಲೈಬ್ರರಿ ಯಾಕೆ, ನಾಲ್ಕು ಸಾಲಿನ ಕೋಷ್ಟಕ ಸಾಲದೇ ಎಂದು ಕೇಳುವವರಿದ್ದಾರೆ. ಮೂರು ಸ್ಥಿತಿ, ಎರಡು ಘಟನೆ ಇರುವಲ್ಲಿ ಸಾಕು. ಲೈಬ್ರರಿ ತಂದರೆ ಅಲ್ಲಿ ಭಾರವೇ ಹೆಚ್ಚು. ಆದರೆ ಷರತ್ತುಗಳು ಬಂದು ಸೇರುತ್ತವೆ, ಸ್ಥಿತಿ ಬದಲಾದಾಗ ಎಸ್‌ಎಂಎಸ್ ಕಳಿಸಬೇಕಾಗುತ್ತದೆ, ಯಾವಾಗ ಏನಾಯಿತೆಂದು ಲಾಗ್ ಬರೆಯಬೇಕಾಗುತ್ತದೆ. ಆಗ ಆ ಕೋಷ್ಟಕದ ಸುತ್ತ ಪ್ರತಿಯೊಬ್ಬರೂ ತಮ್ಮದೇ ಅರೆಬೆಂದ ಲೈಬ್ರರಿ ಕಟ್ಟುತ್ತಾ ಹೋಗುತ್ತಾರೆ. ಇನ್ನೊಂದು ಆಕ್ಷೇಪಣೆಗೆ ತೂಕ ಹೆಚ್ಚು: ಸ್ಥಿತಿಗಳು ಬೆಳೆದಂತೆ ಬಾಣಗಳು ವಿಪರೀತವಾಗಿ, ಚಿತ್ರ ಯಾರಿಗೂ ಅರ್ಥವಾಗದಂತಾಗುತ್ತದೆ. ಇಸ್ರೇಲಿನ ಡೇವಿಡ್ ಹರೆಲ್ ಯುದ್ಧವಿಮಾನದ ಎಲೆಕ್ಟ್ರಾನಿಕ್ಸ್ ತಂಡಕ್ಕೆ ಸಲಹೆಗಾರರಾಗಿದ್ದಾಗ ಎದುರಿಸಿದ್ದು ಇದೇ ಸಮಸ್ಯೆಯನ್ನು. ಸ್ಥಿತಿಯೊಳಗೆ ಸ್ಥಿತಿ, ಪಕ್ಕಪಕ್ಕದಲ್ಲೇ ನಡೆಯುವ ಸ್ಥಿತಿಗಳು ಎಂಬ ಪರಿಹಾರವನ್ನು ಅವರು 1987ರ ಪ್ರಬಂಧದಲ್ಲಿ ಸ್ಟೇಟ್‌ಚಾರ್ಟ್ ಎಂಬ ಹೆಸರಿನಲ್ಲಿ ಮುಂದಿಟ್ಟರು. ಪರಿಹಾರ ಸೊಗಸಾದದ್ದೇ. ಆದರೆ ಅದನ್ನೆಲ್ಲ ಒಳಗೆ ತುಂಬಿದರೆ ಲೈಬ್ರರಿ ಹಗುರವಾಗಿ ಉಳಿಯುವುದಿಲ್ಲ. ಪೈಥಾನ್ ಭಾಷೆಯ ಟ್ರಾನ್ಸಿಷನ್ಸ್ ಎಂಬ ಲೈಬ್ರರಿ ಇಲ್ಲಿ ಜಾಣತನ ತೋರಿದೆ. ನಡುವಿನ ಮಷೀನ್ ಸರಳವಾಗಿದೆ. ಒಳಸ್ಥಿತಿಗಳು, ಚಿತ್ರ ಬಿಡಿಸುವ ಸೌಲಭ್ಯ, ಥ್ರೆಡ್‌ಗಳ ನಡುವಿನ ಬೀಗ ಎಲ್ಲವೂ ಬೇಕಾದವರು ಮಾತ್ರ ತಂದುಕೊಳ್ಳಬಹುದಾದ ಬೇರೆ ತುಂಡುಗಳು.

ಅದೇ ಲೈಬ್ರರಿ ಇನ್ನೆರಡು ಕಡೆ ಸಡಿಲ ಬಿಟ್ಟಿದೆ. ಪಟ್ಟಿಯಲ್ಲಿಲ್ಲದ ಬದಲಾವಣೆ ಕೇಳಿದರೆ ಅದು ಎರರ್ ಎಸೆಯುತ್ತದೆ, ಅದು ಸರಿ. ಆದರೆ ನಾವು ಕೇಳದೆಯೇ ಪ್ರತಿಯೊಂದು ಸ್ಥಿತಿಗೂ ನೇರವಾಗಿ ಹಾರುವ ಒಂದೊಂದು ಮೆಥಡ್ಡನ್ನೂ ಸೃಷ್ಟಿಸಿಡುತ್ತದೆ. ಕಲಿಯುವಾಗ, ಟೆಸ್ಟ್ ಬರೆಯುವಾಗ ಇದು ಅನುಕೂಲ. ನಿಜವಾದ ಕೆಲಸದಲ್ಲಿ ಮಾತ್ರ ರದ್ದಾದ ಟಿಕೆಟ್ಟನ್ನು ಕನ್ಫರ್ಮ್ ಮಾಡುವ ಹಿತ್ತಿಲ ಬಾಗಿಲು ಸದಾ ತೆರೆದೇ ಇರುತ್ತದೆ. ಒಂದು ಆಯ್ಕೆ ಬದಲಿಸಿದರೆ ಅದನ್ನು ಮುಚ್ಚಬಹುದು, ನಿಜ. ಡೀಫಾಲ್ಟ್ ಆಗಿಯೇ ಮುಚ್ಚಿರಬೇಕಿತ್ತು ಎಂಬುದು ನನ್ನ ತಕರಾರು. ಎರಡನೆಯದು ಸರದಿ. ಒಂದು ಬದಲಾವಣೆ ಅರ್ಧದಲ್ಲಿರುವಾಗ ಅದರ ಕಾಲ್‌ಬ್ಯಾಕಿನಿಂದಲೇ ಇನ್ನೊಂದು ಘಟನೆ ಹುಟ್ಟಿದರೆ, ಹೇಳದೇ ಇದ್ದಲ್ಲಿ ಲೈಬ್ರರಿ ಮೊದಲನೆಯದನ್ನು ಅಲ್ಲೇ ಬಿಟ್ಟು ಎರಡನೆಯದಕ್ಕೆ ಕೈ ಹಾಕುತ್ತದೆ. ಸರದಿಯಲ್ಲಿ ನಿಲ್ಲಿಸು ಎಂದು ಹೇಳಬಹುದು. ಅದಕ್ಕೂ ಬೆಲೆಯಿದೆ: ಆಗ ಪ್ರತಿ ಕರೆಗೂ ಟ್ರೂ ಎಂದೇ ಉತ್ತರ ಬರುತ್ತದೆ, ಕೆಲಸ ನಿಜವಾಗಿ ಆಯಿತೋ ಇಲ್ಲವೋ ಎಂಬುದು ಆ ಉತ್ತರದಿಂದ ತಿಳಿಯುವುದಿಲ್ಲ. ನಡೆಯುತ್ತಿರುವುದು ಮುಗಿದ ಮೇಲೆ ಮುಂದಿನದು ಎಂಬ ಶಿಸ್ತಿಗೆ ಆ ಬೆಲೆ ತೆರಬಹುದು ಎಂದೇ ನನ್ನ ಅನಿಸಿಕೆ.

ಬದುಕು ಇಷ್ಟು ಕಟ್ಟುನಿಟ್ಟಾಗಿರುವುದಿಲ್ಲ, ಗ್ರಾಹಕರು ಫೋನ್ ಮಾಡಿ ವಿನಾಯಿತಿ ಕೇಳುತ್ತಾರೆ, ಮ್ಯಾನೇಜರು ಒಪ್ಪುತ್ತಾರೆ ಎಂಬ ಮಾತೂ ಇದೆ. ಒಪ್ಪಲಿ. ಆ ವಿನಾಯಿತಿಗೂ ಒಂದು ಹೆಸರು ಕೊಟ್ಟು, ಯಾರ ಒಪ್ಪಿಗೆ ಬೇಕೆಂಬ ಷರತ್ತು ಬರೆದು, ಪಟ್ಟಿಗೆ ಒಂದು ಸಾಲು ಸೇರಿಸಿದರಾಯಿತು. ಈ ಕ್ರಮ ಇಲ್ಲದಿದ್ದರೆ ವಿನಾಯಿತಿ ಡೇಟಾಬೇಸಿನಲ್ಲಿ ಕೈಯಾರೆ ತಿದ್ದುವ ರೂಪದಲ್ಲಿ ನಡೆಯುತ್ತದೆ. ಆರು ತಿಂಗಳ ನಂತರ ಲೆಕ್ಕ ಹೊಂದದಿದ್ದಾಗ ಯಾರು, ಯಾಕೆ ತಿದ್ದಿದರೆಂದು ಹೇಳುವವರು ಸಿಗುವುದಿಲ್ಲ.

ಇನ್ನು ‘ಆಗುವುದಿಲ್ಲ’ ಎನ್ನುವುದಕ್ಕೂ ಒಂದು ರೀತಿ ಇರಬೇಕು. ಈ ಸ್ಥಿತಿಯಲ್ಲಿ ಈ ಘಟನೆ ಸಲ್ಲದು ಎಂದಷ್ಟೇ ಹೇಳುವ ಎರರ್ ಸಂದೇಶ ಅರ್ಧ ಉತ್ತರ. ಯಾವುದು ಸಲ್ಲುತ್ತದೆ ಎಂಬ ಪಟ್ಟಿ ಲೈಬ್ರರಿಯ ಬಳಿಯೇ ಇರುವಾಗ ಅದನ್ನೂ ಸಂದೇಶದಲ್ಲಿ ಸೇರಿಸಬಹುದು. ಒಂದು ಬದಲಾವಣೆ ಈಗ ಸಾಧ್ಯವೇ ಎಂದು ಮುಂಚಿತವಾಗಿ ಕೇಳುವ ಸೌಲಭ್ಯ ಟ್ರಾನ್ಸಿಷನ್ಸ್‌ನಲ್ಲಿ ಈಗಾಗಲೇ ಇದೆ. ಪರದೆಯ ಮೇಲೆ ರದ್ದು ಮಾಡುವ ಬಟನ್ ತೋರಿಸಬೇಕೋ ಬೇಡವೋ ಎಂಬುದನ್ನು ಅದರಿಂದಲೇ ನಿರ್ಧರಿಸಬಹುದು. ಆದರೆ ಹಾಗೆ ಕೇಳಿದಾಗ ಷರತ್ತುಗಳಿಗೆಂದು ಬರೆದ ಫಂಕ್ಷನ್‌ಗಳು ನಿಜವಾಗಿಯೇ ಓಡುತ್ತವೆ. ಷರತ್ತು ಪರೀಕ್ಷಿಸುವ ನೆಪದಲ್ಲಿ ಯಾರಾದರೂ ಅಲ್ಲೇ ಎಸ್‌ಎಂಎಸ್ ಕಳಿಸುವ ಸಾಲನ್ನೂ ಸೇರಿಸಿಟ್ಟಿದ್ದರೆ, ಪ್ರಯಾಣಿಕ ಪರದೆ ತೆರೆದಷ್ಟು ಸಲವೂ ಅವನ ಫೋನಿಗೆ ಸಂದೇಶ ಬಂದು ಬೀಳುತ್ತದೆ.